ಅರಮನೆಗೆ ಕಾವಲಿದೆ, ಒಂಟಿಕೊಪ್ಪಲಿನ ಹಳೇ ಬಂಗಲೆಗೆ ಯಾರಿದ್ದಾರೆ?

ಮೈಸೂರು: ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಕೆಲವು ತಿಂಗಳು ನಾನು ಹಳೇ ಮನೆ ಒಡೆಯೋ ಕಂಟ್ರಾಕ್ಟರ್ ಒಬ್ಬರ ಹತ್ತಿರ ಲೆಕ್ಕ ಬರೀತಿದ್ದೆ. ಬಾಗಿಲು ಇಷ್ಟು, ಕಿಟಕಿ ಇಷ್ಟು, ತೇಗದ ತೊಲೆ ಇಷ್ಟು, ಮಂಗಳೂರು ಹೆಂಚು ಇಷ್ಟು. ಅವೆಲ್ಲ ಹಳೇ ಮರದ ಅಂಗಡಿಗೆ ಹೋಗ್ತಿದ್ವು. ಉಳಿದ ಸುಣ್ಣದ ಪುಡಿ, ಇಟ್ಟಿಗೆ ಚೂರು ಟ್ರ್ಯಾಕ್ಟರ್ ಹತ್ತುತ್ತಿತ್ತು. ಒಂದು ಮನೆಗೆ ನೋಟ್‌ಬುಕ್ಕಿನ ಒಂದು ಪುಟ ಸಾಕಾಗ್ತಿತ್ತು. ಆ ಮನೆ ಯಾವ ವರ್ಷದ್ದು, ಕಟ್ಟಿದ ಮೇಸ್ತ್ರಿ ಯಾರು ಅಂತ ಬರೆಯೋಕೆ ಅದರಲ್ಲಿ ಜಾಗ ಇರಲಿಲ್ಲ. ಯಾರೂ ಕೇಳ್ತಲೂ ಇರಲಿಲ್ಲ.

ಇವತ್ತಿಗೂ ಪರಿಸ್ಥಿತಿ ಅದೇ. ಒಂಟಿಕೊಪ್ಪಲು, ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆ ಒಂದು ರೌಂಡ್ ಹಾಕಿ ನೋಡಿ. 1920, 30ರ ದಶಕದ ಬಂಗಲೆಗಳು ಒಂದೊಂದಾಗಿ ಹೋಗ್ತಿವೆ. ಅರಮನೆ, ದೇವರಾಜ ಮಾರ್ಕೆಟ್, ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಬಗ್ಗೆ ಊರೆಲ್ಲ ಮಾತಾಡುತ್ತೆ. ಈ ಮನೆಗಳ ಬಗ್ಗೆ ಮಾತಿಲ್ಲ. ಯಾಕೆ?

ಪ್ಲೇಗ್ ಕಟ್ಟಿಸಿದ ಊರು

19ನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಕೋಟೆಯ ಸುತ್ತ ಒತ್ತಾಗಿದ್ದ ಕೇರಿಗಳಲ್ಲಿ ಜನ ಸತ್ತರು. ಅದರ ಬೆನ್ನಿಗೇ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಮುಂದೆ 1980ರ ದಶಕದ ಕೊನೆಗೆ ಮುಡಾ ಆಗಿದ್ದು ಇದೇ ಬೋರ್ಡು. ಅಗಲ ರಸ್ತೆ, ದೊಡ್ಡ ಸೈಟು, ಮನೆ ಸುತ್ತ ಗಾಳಿಗೆ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಬಡಾವಣೆ ಅಂದ್ರೆ ಹೀಗಿರಬೇಕು ಅಂತ ಮೈಸೂರು ಕಲಿತದ್ದು ಆಗ.

1916ರಲ್ಲಿ ಯೂನಿವರ್ಸಿಟಿ ಶುರುವಾಯ್ತು. ಲೆಕ್ಚರರು, ಸರ್ಕಾರಿ ಆಫೀಸರು, ವಕೀಲರು ಈ ಬಡಾವಣೆಗಳಿಗೆ ಬಂದರು. ಮೊದಲನೇ ಮಹಾಯುದ್ಧಕ್ಕೂ ಎರಡನೆಯದಕ್ಕೂ ನಡುವೆ ಎದ್ದ ಅವರ ಮನೆಗಳನ್ನ ನೋಡಿದರೆ ಊರು ಬದಲಾದದ್ದು ಗೊತ್ತಾಗುತ್ತೆ. ಮೊದಮೊದಲಿನವುಗಳಲ್ಲಿ ಹೆಂಚಿನ ಮಾಡು, ಮರದ ಪಟ್ಟಿಯ ಮಂಕಿಟಾಪ್, ಮುಂದೆ ವರಾಂಡ. ಆಮೇಲಿನವುಗಳಲ್ಲಿ ದುಂಡಗಿನ ಮೂಲೆ, ಉದ್ದಕ್ಕೆ ಎಳೆದ ಸಜ್ಜಾ, ಗೇಟಿನ ಗ್ರಿಲ್ಲಿನಲ್ಲಿ ಹುಟ್ಟೋ ಸೂರ್ಯ. ಅದು ಆರ್ಟ್ ಡೆಕೋ, ಆ ಕಾಲದ ಹೊಸ ಫ್ಯಾಷನ್ನು.

ಒಳಗೆ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನ ಅಂಚು ಮೇಲೆ ಮಾಡಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಕಿ ಬಡಿದು ಬಡಿದು ಗಟ್ಟಿ ಮಾಡಿದ ಚಾವಣಿ. ನಾನು ಲೆಕ್ಕ ಬರೆದ ಮನೆಯೊಂದರಲ್ಲಿ ಇದನ್ನ ಕೀಳೋಕೆ ಹುಡುಗರು ಸುಸ್ತಾಗಿಬಿಟ್ಟಿದ್ದರು. 'ಸಿಮೆಂಟ್ ಮನೆಯಾಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತು ಅಣ್ಣ' ಅಂತಿದ್ದರು.

ಹಾಗಂತ ಈ ಬಂಗಲೆಗಳನ್ನ ಗುಡಿ ಥರ ಪೂಜೆ ಮಾಡೋದೂ ಬೇಡ. ಕಕ್ಕಸು ಬಳಿಯೋರು ಮುಂದಿನ ಗೇಟಿಂದ ಬರೋ ಹಾಗಿರಲಿಲ್ಲ, ಅದಕ್ಕೇ ಹಿಂದೆ ಗಲ್ಲಿ. ಮುಂದಿನ ಪೋರ್ಟಿಕೋ ಪರಂಪರೆ ಆದರೆ ಹಿಂದಿನ ಗಲ್ಲಿಯೂ ಪರಂಪರೆಯೇ. ಎರಡೂ ಹೋದರೆ ನಮ್ಮೂರು ಹೇಗೆ ಬದುಕಿತ್ತು ಅನ್ನೋದಕ್ಕೆ ಕಣ್ಣೆದುರಿನ ಸಾಕ್ಷಿ ಇರಲ್ಲ.

ಕಾನೂನಿನ ಸಂದಿ

ರಾಜ್ಯದ ಸ್ಮಾರಕ ಕಾಯ್ದೆಯಾಗಲಿ ಕೇಂದ್ರದ್ದಾಗಲಿ, ಸ್ಮಾರಕ ಅಂತ ರಕ್ಷಣೆ ಸಿಗೋಕೆ ಕಟ್ಟಡಕ್ಕೆ 100 ವರ್ಷ ಆಗಿರಬೇಕು. 1935ರ ಮನೆಗೆ 100 ತುಂಬೋದು 2035ಕ್ಕೆ. ಅಷ್ಟರಲ್ಲಿ ಎಷ್ಟು ಉಳಿದಿರುತ್ತೆ?

ಇನ್ನೊಂದು ದಾರಿ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಇದೆ. ವಾಸ್ತು, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯ ಇರೋ ಕಟ್ಟಡವನ್ನ ಯೋಜನಾ ಪ್ರಾಧಿಕಾರ ಹಾಗಂತ ಘೋಷಿಸಬಹುದು. ಆ ವ್ಯಾಖ್ಯೆಯಲ್ಲಿ ವಯಸ್ಸಿನ ಮಾತೇ ಇಲ್ಲ. ಅಂದ್ರೆ ಕಾನೂನು ಅಡ್ಡ ಬರ್ತಿಲ್ಲ, ಘೋಷಿಸೋ ಮನಸ್ಸು ಬೇಕು.

100 ವರ್ಷ ಆಗದ ಕಟ್ಟಡಕ್ಕೆ ಏನು ಬೆಲೆ ಅಂತ ಕೇಳೋರಿಗೆ ಮುಂಬೈ ಉತ್ತರ ಕೊಟ್ಟಿದೆ. ಓವಲ್ ಮೈದಾನದ ಬದಿಯಲ್ಲಿರೋ 1930ರ ದಶಕದ ಆರ್ಟ್ ಡೆಕೋ ವಸತಿ ಕಟ್ಟಡಗಳು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿ ಈಗಲೂ ಜನ ಸಂಸಾರ ಮಾಡ್ತಿದ್ದಾರೆ.

ನಮ್ಮಲ್ಲಿ ಮನೆ ಉಳೀಬೇಕಾದರೆ ದೊಡ್ಡ ಹೆಸರು ಬೇಕು. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನೇ ತಗೊಳ್ಳಿ. 2011ರಲ್ಲಿ ಒಡೆಯೋಕೆ ಶುರು ಮಾಡಿದ ಮೇಲೆ ಗಲಾಟೆಯಾಗಿ ನಿಂತಿತು. ಪಾಲಿಕೆ ಕೊಂಡು, ರಿಪೇರಿ ಮಾಡಿಸಿ, 2016ರಲ್ಲಿ ಮ್ಯೂಸಿಯಂ ಮಾಡಿತು. ಒಳ್ಳೇದೇ ಆಯ್ತು. ಆದರೆ ಅದು ಉಳಿದದ್ದು ಒಳಗಿದ್ದವರ ಹೆಸರಿಂದ. ಪಕ್ಕದ ರಸ್ತೆಯ ರಿಟೈರ್ಡ್ ಮೇಷ್ಟರ ಮನೆಗೆ ಆ ಅದೃಷ್ಟ ಇರಲ್ಲ. ಎಲ್ಲಾ ಮನೆ ಮ್ಯೂಸಿಯಂ ಮಾಡೋಕೂ ಆಗಲ್ಲ, ಆಗಬೇಕಾಗಿಯೂ ಇಲ್ಲ.

ಮಾಲೀಕರನ್ನ ಬೈಯೋದು ಸುಲಭ

ಒಡೆಸೋರೆಲ್ಲ ದುರಾಸೆಯವರಲ್ಲ. ನಾನು ಕಂಡ ಮನೆಗಳಲ್ಲಿ ಹೆಚ್ಚಿನವರದ್ದು ಒಂದೇ ಕಥೆ. ವಯಸ್ಸಾದ ಅಜ್ಜಿ ಒಬ್ಬರೇ, ಮಕ್ಕಳು ಬೆಂಗಳೂರು, ಅಮೆರಿಕ. ಮಳೆಗಾಲದಲ್ಲಿ ಚಾವಣಿ ಸೋರುತ್ತೆ. ಸುಣ್ಣದ ಗಾರೆ ಗೊತ್ತಿರೋ ಮೇಸ್ತ್ರಿ ಸಿಗಲ್ಲ. ಮೇಲೆ ಸಿಮೆಂಟ್ ಬಳಿಸಿದರೆ ಎರಡು ವರ್ಷಕ್ಕೆ ಮತ್ತೆ ಬಿರುಕು. ಅಣ್ಣ ತಮ್ಮಂದಿರ ಪಾಲು ಬೇರೆ ಬಾಕಿ. ಆಗ ಬಿಲ್ಡರ್ ಬಂದು ಜಾಯಿಂಟ್ ವೆಂಚರ್, ಎರಡು ಫ್ಲಾಟ್ ಕೊಡ್ತೀನಿ ಅಂತಾನೆ. ಬೇಡ ಅನ್ನೋಕೆ ಅವರಿಗೆ ಕಾರಣ ಏನಿದೆ?

ಈ ಮಧ್ಯೆ ಪಾರಂಪರಿಕ ಅಂತ ಬೋರ್ಡು ಮಾತ್ರ ಹಾಕಿ, ಕೈಗೆ ಏನೂ ಕೊಡದಿದ್ದರೆ ಅದು ಅವರಿಗೆ ಶಿಕ್ಷೆ. ಪಟ್ಟಿಗೆ ಸೇರಿಸೋಕೆ ಮುಂಚೆನೇ ಜೆಸಿಬಿ ಕರೆಸ್ತಾರೆ. ಪಟ್ಟಿಯಲ್ಲಿದ್ದೂ ರಿಪೇರಿಗೆ ದುಡ್ಡಿಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಕುಸಿದು ನಾಲ್ವರು ಸತ್ತಾಗಲೇ ನೋಡಿದ್ದೀವಿ.

ಹಾಗಾದ್ರೆ ಏನು ಮಾಡಬಹುದು?

ಒಂದು, ರಸ್ತೆ ರಸ್ತೆಗೆ ಹೋಗಿ ಸರ್ವೆ ಮಾಡಿ ಗ್ರೇಡ್ ಕೊಡಬೇಕು. ಎಲ್ಲವನ್ನೂ ಮುಟ್ಟಬೇಡಿ ಅನ್ನೋದು ಬೇಡ. ಕೆಲವನ್ನ ಪೂರ್ತಿ ಉಳಿಸಿ, ಕೆಲವಕ್ಕೆ ಮುಂಭಾಗ ಉಳಿಸಿಕೊಂಡು ಹಿಂದೆ ಕಟ್ಟೋಕೆ ಬಿಡಿ.

ಎರಡು, ಉಳಿಸಿಕೊಂಡವರಿಗೆ ಲಾಭ ಕಾಣಬೇಕು. ಮುಂಬೈಯಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡಗಳಿಗೆ ಗ್ರೇಡ್ ಇದೆ, ಅಲ್ಲಿ ಕಟ್ಟಲಾಗದ ಅಳತೆಯನ್ನ ಟಿಡಿಆರ್ ಆಗಿ ಬೇರೆ ಕಡೆಗೆ ಮಾರೋ ಅವಕಾಶವೂ ಇದೆ. ಇಲ್ಲಿಯ ಬಂಗಲೆ ಮಾಲೀಕರಿಗೂ ಅಂಥದ್ದು ಸಿಗಲಿ, ಜೊತೆಗೆ ಕಂದಾಯದಲ್ಲಿ ರಿಯಾಯಿತಿ ಕೊಡಿ.

ಮೂರು, ಏನೇ ಮಾಡಿದರೂ ಕೆಲವು ಮನೆ ಹೋಗೇ ಹೋಗುತ್ತವೆ. ಒಡೆಯೋಕೆ ಪರ್ಮಿಷನ್ ಕೊಡೋ ಮುಂಚೆ ಆ ಮನೆಯ ಅಳತೆ, ನಕ್ಷೆ, ಒಳಗಿನ ಹೊರಗಿನ ಫೋಟೋ ಫೈಲಿಗೆ ಸೇರಲೇಬೇಕು ಅಂತ ನಿಯಮ ತರಲಿ. ಇದಕ್ಕೆ ಕೋಟಿ ಬೇಡ, ಒಂದು ಸುತ್ತೋಲೆ ಸಾಕು.

ನಾನು ಬರೆದ ಆ ನೋಟ್‌ಬುಕ್ಕು ಈಗ ಎಲ್ಲಿದೆಯೋ ಗೊತ್ತಿಲ್ಲ. ಸಿಕ್ಕರೂ ಅದರಲ್ಲಿ ಬಾಗಿಲು, ಕಿಟಕಿ ಲೆಕ್ಕ ಮಾತ್ರ ಇರುತ್ತೆ. ನಿಮ್ಮ ರಸ್ತೆಯಲ್ಲಿ ಇಂಥ ಮನೆ ಇನ್ನೂ ನಿಂತಿದ್ದರೆ ಒಳಗಿನ ಹಿರಿಯರನ್ನ ಕೇಳಿ: ಯಾವ ವರ್ಷ ಕಟ್ಟಿದ್ದು, ಕಟ್ಟಿದ್ದು ಯಾರು. ಬರೆದಿಟ್ಟುಕೊಳ್ಳಿ. ಸರ್ಕಾರದ ಸರ್ವೆ ಬರೋವರೆಗೂ ಇರೋ ದಾಖಲೆ ಅದೊಂದೇ.