ಇಬ್ಬರು ಮಾಲೀಕರು, ಒಬ್ಬ ಲೆಕ್ಕದ ಹುಡುಗ



ಹೋದ ಶ್ರಾವಣದ ಮಾತು. ಸಂಜೆ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಹೋಗಬೇಕೆಂದು ಅಂಗಡಿಯ ಬಾಗಿಲು ಎಳೆಯುತ್ತಿದ್ದೆ. ಅಕ್ಕಲಕೋಟೆಯ ಒಬ್ಬ ಹುಡುಗ ಬಂದು ಕುಳಿತ. ಬಿ.ಕಾಂ. ಕಲಿತವನು, ಯಾರಲ್ಲಿಯೂ ನೌಕರಿಗಿಲ್ಲ. ಸೋಲಾಪುರದ ಏಳೆಂಟು ಅಂಗಡಿಗಳ ಲೆಕ್ಕ ಬರೆದು, ಜಿ.ಎಸ್.ಟಿ. ರಿಟರ್ನ್ ತುಂಬಿ, ತಿಂಗಳಿಗಿಷ್ಟೆಂದು ಫೀ ತೆಗೆದುಕೊಳ್ಳುತ್ತಾನೆ. ನಮ್ಮ ಕಾಲದ ಮುನೀಮನಿಗೆ ಒಂದೇ ಗಾದಿ, ಒಬ್ಬನೇ ಮಾಲೀಕ. ಇವನಿಗೆ ಎಂಟು ಗಾದಿ. ಅದರಲ್ಲೊಂದು ಅಣ್ಣತಮ್ಮಂದಿರ ಟಾವೆಲ್-ಚಾದರದ ಪೇಢಿ. ಅಣ್ಣನ ಮಗನನ್ನು ಪಗಾರಕ್ಕೆ ಕೂರಿಸಿದಂದಿನಿಂದ ಇಬ್ಬರಿಗೂ ಮಾತಿಲ್ಲ.

"ಕಾಕಾ, ಅಣ್ಣ ಅಂತಾರ, ತಮ್ಮಗ ಲೆಕ್ಕ ತೋರಿಸಬ್ಯಾಡ. ತಮ್ಮ ಅಂತಾರ, ರಾತ್ರೋರಾತ್ರಿ ಎಲ್ಲಾ ಕಾಪಿ ಮಾಡಿ ಕೊಡು. ಎಂಟು ತಿಂಗಳ ಫೀ ಕೇಳಿದ್ರ ಇವರು ಅವರ ಕಡೆ ಬೆರಳು ತೋರಸ್ತಾರ, ಅವರು ಇವರ ಕಡೆ."

ಬಾಕಿ 32,000 ರೂಪಾಯಿ. ಅದಕ್ಕಿಂತ ದೊಡ್ಡ ಮಾತನ್ನು ಹುಡುಗ ಕೊನೆಗೆ ತೆಗೆದ. ತಮ್ಮ ಹಿಂದೆ ಎತ್ತಿದ ಮೂರು ಲಕ್ಷ ಪೇಢಿಯ ಖರ್ಚಿನಲ್ಲಿ ಬಿದ್ದಿದೆ. ಅದನ್ನು ತೆಗೆದು, ಹಿಂದಿನ ತಾರೀಖಿಗೇ ತಮ್ಮನ ಹೆಸರಿಗೆ ನಾವೆ ಬರೆದರೆ ಫೀ ಪೂರ್ತಿ ಕೊಡುತ್ತೇನೆಂದು ಅಣ್ಣ ಹೇಳಿದ್ದರಂತೆ. ಹುಡುಗನ ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು.

ನನಗೆ ನನ್ನದೇ ನೆನಪಾಯಿತು. 1983ರಲ್ಲಿ ನಾನು ಬಟ್ಟೆಯ ದಲಾಲಿ ಮಾಡುತ್ತಿದ್ದೆ. ಒಂದು ಪೇಢಿಯ ಇಬ್ಬರು ಭಾಗೀದಾರರು ಮುನಿಸಿಕೊಂಡಾಗ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿದೆ. ಒಳ್ಳೆಯದೇ ಮಾಡುತ್ತಿದ್ದೇನೆಂಬ ಭಾವನೆ! ಆರು ತಿಂಗಳಲ್ಲಿ ಅವರಿಬ್ಬರೂ ರಾಜಿಯಾದರು, ಚಾಡಿ ಹೇಳಿದವನು ನಾನೆಂದು ಇಬ್ಬರೂ ಒಪ್ಪಿದರು. ದಲಾಲಿಯೂ ಹೋಯಿತು, ಬಾಕಿಯೂ ಹೋಯಿತು.

ಆದ್ದರಿಂದ ಹುಡುಗನಿಗೆ ಬಾಯಿಮಾತು ಬೇಡ, ಕಾಗದ ಬರೆ ಎಂದೆ. ವಕೀಲರಾದ ನನ್ನ ಅಳಿಯನನ್ನೂ ಫೋನಿನಲ್ಲಿ ಕೇಳಿದೆವು. 1932ರ ಭಾಗೀದಾರಿ ಕಾಯ್ದೆಯ 12ನೆಯ ಕಲಮಿನಂತೆ, ಕರಾರುಪತ್ರದಲ್ಲಿ ಬೇರೆ ಬರೆದಿರದಿದ್ದರೆ, ಪ್ರತಿಯೊಬ್ಬ ಭಾಗೀದಾರನಿಗೂ ಲೆಕ್ಕದ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕುಂಟು. ಅಂದ ಮೇಲೆ ತಮ್ಮನಿಗೆ ತೋರಿಸುವುದು ದ್ರೋಹವಲ್ಲ; ರಾತ್ರಿ ಕದ್ದು ಕೊಡುವ ಕಾರಣವೂ ಇಲ್ಲ. 25ನೆಯ ಕಲಮಿನಂತೆ ಪೇಢಿಯ ಬಾಕಿಗೆ ಇಬ್ಬರೂ ಕೂಡಿಯೂ ಹೊಣೆ, ಬೇರೆಬೇರೆಯಾಗಿಯೂ ಹೊಣೆ. ಪೂರ್ತಿ ಹಣವನ್ನು ಯಾರ ಹತ್ತಿರ ಬೇಕಾದರೂ ಕೇಳಬಹುದು. ಆದರೆ ಕೇಳದೆ ಮೂರು ವರ್ಷ ಕಳೆದರೆ ದಾವೆಯ ಮುದ್ದತು ಮುಗಿಯುತ್ತದೆ.

ಒಂದೇ ಒಕ್ಕಣೆಯ ಕಾಗದ, ಒಂದೇ ದಿನ, ಇಬ್ಬರಿಗೂ ರಜಿಸ್ಟರ್ ಮಾಡಿ ಹೋಯಿತು. ಲೆಕ್ಕ ಅಂಗಡಿಯಲ್ಲೇ ಹಗಲಿನಲ್ಲಿ ಇಬ್ಬರಿಗೂ ತೋರಿಸುತ್ತೇನೆ. ಹಳೆಯ ಕಲಮು ತಿದ್ದುವುದಿಲ್ಲ. ತಪ್ಪಿದ್ದರೆ ಇಬ್ಬರೂ ಸಹಿ ಮಾಡಿ ಬರೆದು ಕೊಡಿ, ಇಂದಿನ ತಾರೀಖಿಗೆ ಜಮಾಖರ್ಚು ಹಾಕುತ್ತೇನೆ. ಫೀ ಬಾಕಿ ಇಷ್ಟು. ಹಣ ಬರುವವರೆಗೆ ಲೆಕ್ಕವನ್ನು ಒತ್ತೆಯಿಡಲೇ ಎಂದು ಹುಡುಗ ಕೇಳಿದ. ಬೇಡವೆಂದೆ. ಒಮ್ಮೆ ಹಾಗೆ ಮಾಡಿದವನ ಕೈಗೆ ಉಳಿದ ಏಳು ಅಂಗಡಿಯವರು ಲೆಕ್ಕ ಕೊಟ್ಟಾರೆಯೇ?

ಅಷ್ಟರಲ್ಲಿ ರಿಟರ್ನಿನ ತಾರೀಖು ಬಂತು. ಓಟಿಪಿ ಬರುವುದು ಅಣ್ಣನ ಮೊಬೈಲಿಗೆ. ಅವರು ಹೇಳಲೊಲ್ಲರು. 11ನೆಯ ತಾರೀಖಿನೊಳಗೆ ಮಾರಾಟದ ರಿಟರ್ನ್ ಹೋಗದಿದ್ದರೆ ಮಾಲು ಕೊಂಡವರಿಗೆ ತೆರಿಗೆಯ ಜಮಾ ಆ ತಿಂಗಳು ಕಾಣಿಸುವುದಿಲ್ಲ. 20 ದಾಟಿದರೆ ದಿನಕ್ಕೆ 50 ರೂಪಾಯಿ ತಡದ ಶುಲ್ಕ, ಮೇಲೆ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ. ಹುಬ್ಬಳ್ಳಿ, ಬೆಳಗಾವಿಯ ಗಿರಾಕಿಗಳು ಅಂಗಡಿಗೆ ಫೋನು ಮಾಡತೊಡಗಿದರು. ಅಣ್ಣನನ್ನು ಮಣಿಸಿದ್ದು ನಮ್ಮ ಕಾಗದವಲ್ಲ, ಈ ಫೋನುಗಳು. ವ್ಯಾಪಾರಿಗೆ ತಮ್ಮ ಹೋದರೂ ನಡೆದೀತು, ಗಿರಾಕಿ ಹೋಗಬಾರದು. ಕೆಟ್ಟ ಮಾತು, ಆದರೆ ಕಂಡದ್ದನ್ನು ಬರೆದಿದ್ದೇನೆ.

ತಮ್ಮ ಕಾಗದ ಹಿಡಿದು ಬಂದು ಎರಡು ದಿನ ಲೆಕ್ಕ ನೋಡಿದರು. ಮೂರು ಲಕ್ಷ ತಾವೇ ಎತ್ತಿದ್ದೆಂದು ಒಪ್ಪಿದರು. ಅಣ್ಣನ ಮಗನ ಮೋಟಾರು ಸೈಕಲ್ಲೂ ಖರ್ಚಿನಲ್ಲಿದೆಯೆಂದು ತೋರಿಸಿದರು. ಹೋಗುವಾಗ 16,000 ಕೊಟ್ಟರು. ಉಳಿದದ್ದು ಅಣ್ಣನಿಂದ ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಬಂತು, ಎರಡು ಕಂತಿನಲ್ಲಿ. ಮಾರ್ಚಿನ ಲೆಕ್ಕ ಮುಗಿಸಿ ಹುಡುಗ ಆ ಪೇಢಿಯನ್ನು ಬಿಟ್ಟ. ಅಣ್ಣತಮ್ಮಂದಿರು ಇನ್ನೂ ಬೇರೆಯಾಗಿಲ್ಲ, ಒಂದಾಗಿಯೂ ಇಲ್ಲ.

ಮೊನ್ನೆ ಅಣ್ಣನೇ ನನ್ನ ಅಂಗಡಿಗೆ ಬಂದಿದ್ದರು. ಮಗನಿಗೆ ಬೇರೆ ಅಂಗಡಿ ಹಾಕಿ ಕೊಡುತ್ತಾರಂತೆ, ಲೆಕ್ಕಕ್ಕೆ ಆ ಹುಡುಗನೇ ಬೇಕಂತೆ. ಹುಡುಗನಿಗೆ ಹೇಳಿದೆ. "ಬರ್ತೀನಿ ಕಾಕಾ, ಮೂರು ತಿಂಗಳ ಫೀ ಮುಂಗಡ ಕೊಡಾಕ ಹೇಳ್ರಿ" ಎಂದ.