ಐದಕ್ಕೆ ಐದು

ಮಕ್ಕಳ ಕೆಲಸವನ್ನು ನೋಡಿ "ಬಹಳ ಚೆನ್ನಾಗಿದೆ" ಎನ್ನುವುದರಲ್ಲಿ ನಮ್ಮಷ್ಟು ಉದಾರಿಗಳು ಬೇರೆ ಯಾರೂ ಇರಲಾರರು. ಈ ಔದಾರ್ಯದಿಂದ ಒಬ್ಬ ಹುಡುಗಿಗೆ ನಷ್ಟವಾಗುವುದರಲ್ಲಿತ್ತು. ಆ ಪ್ರಸಂಗವನ್ನು ಈ ಸಲ ವಾಚಕರ ಮುಂದಿಡುತ್ತೇನೆ.

ಡೊಂಬಿವಲಿಯ ನಮ್ಮ ಸ್ನೇಹಿತರೊಬ್ಬರ ಮಗಳು ಕಾಲೇಜಿನಲ್ಲಿ ಮಾಧ್ಯಮ ವಿದ್ಯೆ ಕಲಿಯುತ್ತಿದ್ದಾಳೆ. ದೆವ್ವದ ಚಿತ್ರವೊಂದರ ಆರಂಭವನ್ನಷ್ಟೇ ತಯಾರಿಸಿ, ಪ್ರೇಕ್ಷಕರ ಅಭಿಪ್ರಾಯ ಕೇಳಿ, ತಿದ್ದಿ ಒಪ್ಪಿಸಬೇಕು. ಇದು ಅವಳ ಪಾಠ. ಚಿತ್ರ ಎರಡೂವರೆ ನಿಮಿಷದ್ದು. ಕೊನೆಯ ಲೋಕಲ್ ಇಳಿದು ಬಂದ ಹುಡುಗಿಯೊಬ್ಬಳು ಹಳೆಯ ಚಾಳಿನ ಮೆಟ್ಟಿಲೇರುತ್ತಾಳೆ. ಒಂದೊಂದು ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿದೆ. ಅವಳ ಮನೆಯ ಬಾಗಿಲ ಮೇಲೆ ಮಾತ್ರ ಏನೂ ಇಲ್ಲ.

ಇದರ ಮೂಲ ಹಲವರಿಗೆ ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಹಬ್ಬಿದ್ದ ವದಂತಿ ಅದು. ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವ, ಬರಹವನ್ನು ಓದಿ ಹಿಂತಿರುಗುವುದಂತೆ. ಮರುರಾತ್ರಿ ಬಂದರೂ ಅದೇ ಬರಹ! 2018ರ "ಸ್ತ್ರೀ" ಎಂಬ ಹಿಂದಿ ಚಿತ್ರ ಇಂಥದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಯಲ್ಲಿಟ್ಟು ತೋರಿಸಿತು.

ಭಾನುವಾರ ಸಂಜೆ ಅವರ ಮನೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಚಿತ್ರ ಮುಗಿದೊಡನೆ ಚೀಟಿ ಬಂತು: "ಎಷ್ಟು ಭಯವಾಯಿತು? ಐದಕ್ಕೆ ಎಷ್ಟು ಅಂಕ?" ಎಲ್ಲರೂ ಐದು ಕೊಟ್ಟರು. ನಾನೂ ಕೊಟ್ಟೆ, ನಿಜ ಹೇಳಬೇಕೆಂದರೆ ನನ್ನ ಲಕ್ಷ್ಯವೆಲ್ಲ ಚಿವಡಾದ ತಟ್ಟೆಯ ಕಡೆಗಿತ್ತು.

ಹುಡುಗಿಯ ಮುಖ ಬಾಡಿತು. "ಕಾಕಾ, ನಾನು ಟಿ.ವಿ. ಪಕ್ಕದಲ್ಲಿ ಕೂತು ನಿಮ್ಮೆಲ್ಲರ ಮುಖಾನೇ ನೋಡ್ತಿದ್ದೆ. ಹೆದರಿದ್ದು ಅಜ್ಜಿ ಒಬ್ಬರೇ" ಎಂದಳು. ಆಮೇಲೆ ಚೀಟಿಗಳನ್ನು ಬದಿಗಿಟ್ಟು ಒಬ್ಬೊಬ್ಬರನ್ನೂ ಕೇಳಿದಳು: "ಬಾಗಿಲ ಮೇಲೆ ಏನಿತ್ತು?"

"ಏನೋ ಜಿಲೇಬಿ ಥರ ಅಕ್ಷರ" ಎಂದ ಎಂಟನೆಯ ಇಯತ್ತೆಯ ಹುಡುಗ. ಉಳಿದ ಮಕ್ಕಳೂ ಓದಿರಲಿಲ್ಲ, ಓದಲು ಬರುತ್ತಿರಲಿಲ್ಲ. ಎಲ್ಲರೂ ಕನ್ನಡಿಗರ ಮಕ್ಕಳೇ. ತಂದೆತಾಯಿಗಳು ನೆಲ ನೋಡಿದರು. ಧಾರವಾಡದ ಅಜ್ಜಿ ಮಾತ್ರ ಹೇಳಿದರು: "ಬರದಾರಲ್ಲ, ನಾಳೆ ಬಾ ಅಂತ! ಬರಬ್ಯಾಡ ಅಂದಿಲ್ಲ ನೋಡ್ರಿ. ನಾಳೆ ಖರೇನ ಬಂದರ ಏನ್ ಮಾಡೂದು? ಎದಿ ಝಲ್ ಅಂತು."

ನಮ್ಮ ಹದಿಮೂರು ಐದುಗಳಲ್ಲಿ ಸಿಗದ ಉತ್ತರ ಆ ಒಂದು ಮಾತಿನಲ್ಲಿ ಸಿಕ್ಕಿತು. ದೊಡ್ಡ ನಿರ್ದೇಶಕರೂ ಹೀಗೆಯೇ ಕಲಿತವರು. 1975ರ "ಜಾಸ್" ಚಿತ್ರವನ್ನು ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿದಾಗ ಸ್ಪಿಲ್‌ಬರ್ಗ್ ಪ್ರೇಕ್ಷಕರ ಚೀರಾಟಕ್ಕೆ ಕಿವಿಗೊಟ್ಟರು. ಇನ್ನೊಂದು ಚೀತ್ಕಾರ ಬೇಕೆನ್ನಿಸಿ, ಸಂಕಲನಕಾರರಾದ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದಲ್ಲಿ ಹೊಸ ದೃಶ್ಯ ತೆಗೆದು ಸೇರಿಸಿದರು. ಪ್ರೇಕ್ಷಕನ ಬಾಯಿ ಸಂಕೋಚದಿಂದ ಸುಳ್ಳಾಡಬಹುದು, ಚೀತ್ಕಾರ ಆಡುವುದಿಲ್ಲ.

ನಮ್ಮ ಹುಡುಗಿ ಬರಹವನ್ನು ಮರಾಠಿಗೆ ಬದಲಿಸಬಹುದಿತ್ತು. ಬದಲಿಸಲಿಲ್ಲ. ಅಜ್ಜಿಯ ದನಿಯಲ್ಲೇ "ನಾಳೆ... ಬಾ..." ಎಂದು ಮೆಲ್ಲಗೆ ಓದಿಸಿ ಸೇರಿಸಿದಳು. ಮುಂದಿನ ಭಾನುವಾರ ಮತ್ತೆ ತೋರಿಸಿದಾಗ ಜಿಲೇಬಿಯ ಹುಡುಗ ತಾಯಿಯ ಸೆರಗು ಹಿಡಿದ. ಈ ಸಲ ಚೀಟಿ ಯಾರೂ ಕೇಳಲಿಲ್ಲ.

ಮನೆಗೆ ಬರುವಾಗ ನನಗನ್ನಿಸಿತು: "ಮಕ್ಕಳಿಗೆ ಕನ್ನಡ ಓದಲು ಕಲಿಸಬೇಕು" ಎಂಬ ಮಾತು ಪ್ರತಿ ವರ್ಷ ನಮ್ಮ ಬಾಗಿಲು ತಟ್ಟುತ್ತದೆ, ನಾವೂ ವಿನಯದಿಂದಲೇ "ನಾಳೆ ಬಾ" ಎಂದು ಕಳಿಸುತ್ತೇವೆ. ಆದ್ದರಿಂದ ವಾಚಕರಲ್ಲಿ ಎರಡು ವಿನಂತಿ. ಮಕ್ಕಳು ಏನಾದರೂ ಮಾಡಿ ತೋರಿಸಿದರೆ ಐದಕ್ಕೆ ಐದು ಕೊಟ್ಟು ಕೈತೊಳೆದುಕೊಳ್ಳಬೇಡಿ. ಎಲ್ಲಿ ತಿಳಿಯಲಿಲ್ಲ, ಎಲ್ಲಿ ಮನಸ್ಸು ಅತ್ತಿತ್ತ ಹೋಯಿತು ಎಂದು ಪ್ರೀತಿಯಿಂದ ಹೇಳಿ. ಇನ್ನೊಂದು, ಈ ಸಂಚಿಕೆಯನ್ನು ಮಡಿಚಿಡುವ ಮೊದಲು ಇದೇ ಪುಟದ ತಲೆಬರಹವನ್ನು ಮಕ್ಕಳ ಕೈಲಿ ಓದಿಸಿ. ಓದಿದರೆ ಅವರಿಗೆ ಐದಕ್ಕೆ ಐದು ಧಾರಾಳವಾಗಿ ಕೊಡಿ.