ಅವನ ಮನಸ್ಸು ಬದಲಾಗುವವರೆಗೆ ನಾವು ಕಾಯಬೇಕೆ?

“ಕುಡಿತ ಬಿಡಬೇಕು ಅಂತ ಅವನ ಮನಸ್ಸಿಗೇ ಬರಬೇಕಮ್ಮ, ನೀನು ಸ್ವಲ್ಪ ತಾಳಿಕೋ.” ಪೊಲೀಸ್ ಠಾಣೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ಕೊನೆಗೆ ತವರಿನ ಜಗಲಿಯಲ್ಲೂ ಕುಡುಕನ ಹೆಂಡತಿ ಕೇಳಿಸಿಕೊಳ್ಳುವ ಮಾತಿದು. ಮೊದಲ ಅರ್ಧ ನಿಜ. ಎರಡನೆಯ ಅರ್ಧ ಅನ್ಯಾಯ. ನಿಜದ ಬಾಲಕ್ಕೆ ಅನ್ಯಾಯವನ್ನು ಕಟ್ಟಿ ನಮ್ಮ ಕೈಗೆ ಕೊಡುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಇದು ಒಂದೆರಡು ಮನೆಗಳ ಕಥೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ನೆರವು ಬೇಕು. ಆದರೆ ಕುಡಿತದ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಚಿಕಿತ್ಸೆಯನ್ನು ಯಾರು ಮಾಡುತ್ತಿದ್ದಾರೆ? ನಾವೇ. ಅತ್ತು, ಕರೆದು, ಹರಕೆ ಹೊತ್ತು, ಒಡವೆ ಅಡವಿಟ್ಟು.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಅಂಗಡಿಯ ವಿರುದ್ಧದ ಹೋರಾಟವನ್ನು ನಾವು ಬಿಡಬಾರದು. ಆದರೆ ಅದರ ಜೊತೆಗೆ, ಚಟ ಹೇಗೆ ಬಿಡುತ್ತದೆ ಎಂಬುದನ್ನೂ ತಿಳಿದುಕೊಳ್ಳಬೇಕು.

ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ, ಸಿಗರೇಟು ಬಿಡಲು ಹೊರಟವರನ್ನು ಅಭ್ಯಾಸ ಮಾಡಿ, ಬದಲಾವಣೆ ಒಂದೇ ದಿನದ ಘಟನೆಯಲ್ಲ, ಹಂತ ಹಂತವಾಗಿ ಆಗುವಂಥದ್ದು ಎಂದು ತೋರಿಸಿದರು. “ನನಗೇನಾಗಿದೆ?” ಎನ್ನುವುದು ಮೊದಲ ಹಂತ. “ಬಿಡಬೇಕು, ಆದರೆ...” ಎನ್ನುವುದು ಎರಡನೆಯದು. ಆಮೇಲೆ ಸಿದ್ಧತೆ, ಬಿಡುವುದು, ಬಿಟ್ಟದ್ದನ್ನು ಉಳಿಸಿಕೊಳ್ಳುವುದು. ನಡುವೆ ಜಾರುವುದೂ ಉಂಟು.

ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುತ್ತೇವಲ್ಲ, ಅದು ಏಕೆ ನಿಲ್ಲುವುದಿಲ್ಲ? ಎಷ್ಟೋ ಸಲ ಆ ಮಾತು ಅವನದಲ್ಲ, ನಮ್ಮದು. ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲಹೆಗಾರ ಎಷ್ಟು ಹೆಚ್ಚು ವಾದಿಸಿ ಖಂಡಿಸಿದನೋ, ಒಂದು ವರ್ಷದ ನಂತರ ಆ ವ್ಯಕ್ತಿ ಅಷ್ಟೇ ಹೆಚ್ಚು ಕುಡಿಯುತ್ತಿದ್ದ. ಬಿಡಲು ಕಾರಣಗಳು ಅವನ ಬಾಯಿಂದಲೇ ಬರಬೇಕು. ಅದನ್ನು ಹೊರಡಿಸುವುದು ಒಂದು ಕಸುಬು, ತರಬೇತಿ ಪಡೆದವರ ಕೆಲಸ. ಪೆಟ್ಟು ತಿಂದವಳ ಮೇಲೆಯೇ ಆ ಹೊರೆ ಹೊರಿಸುವುದು ಯಾವ ನ್ಯಾಯ?

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ವೈದ್ಯರ ನಿಗಾ ಬೇಕು. “ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ” ಎಂದು ಮಾರುವ ಪುಡಿ, ಗುಳಿಗೆಗಳನ್ನೂ ನಂಬಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದು, ಅವನು ತಿಳಿಯದೆ ಕುಡಿದರೆ ಜೀವಕ್ಕೇ ಸಂಚಕಾರ.

ಚಟದಿಂದ ಹೊರಬರುವವರಿಗೆ ಈಗ ಧ್ಯಾನವನ್ನೂ ಕಲಿಸುತ್ತಾರೆ. ಇದು ಮೂಢನಂಬಿಕೆಯಲ್ಲ. ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ, ಕುಡಿಯಬೇಕೆಂಬ ತುಡಿತವನ್ನು ಅಲೆಗೆ ಹೋಲಿಸಿದರು. ಅಲೆ ಏಳುತ್ತದೆ, ಉಕ್ಕುತ್ತದೆ, ಇಳಿಯುತ್ತದೆ. ಸಂಜೆ ಆರಾಯಿತು, ಗಂಟಲು ಒಣಗಿತು, ಕಾಲು ಅಂಗಡಿಯ ಕಡೆ ತಿರುಗಿತು. ಆಗ ಅದರೊಡನೆ ಗುದ್ದಾಡದೆ, ಅದು ಹೇಳಿದಂತೆ ಕೇಳದೆ, ಉಸಿರಿನ ಮೇಲೆ ಗಮನವಿಟ್ಟು, “ಇದು ಮೈಯಲ್ಲಿ ಎಲ್ಲಿದೆ?” ಎಂದು ನೋಡುತ್ತ ಕೂರಬೇಕು. ಅದು ತಾನಾಗಿ ತಗ್ಗುತ್ತದೆ. ಅಮೆರಿಕದ ಸಿಯಾಟಲ್‌ನ ಒಂದು ಜೈಲಿನಲ್ಲಿ ವಿಪಶ್ಯನ ಕಲಿತವರು ಬಿಡುಗಡೆಯ ನಂತರ ಕಡಿಮೆ ಕುಡಿದರೆಂದು ಮಾರ್ಲಾಟ್‌ರ ತಂಡ 2006ರಲ್ಲಿ ವರದಿ ಮಾಡಿತು. ಹಾಗೆಂದು ಇದು ಮಂತ್ರವಲ್ಲ, ಔಷಧಿಗೆ ಬದಲೂ ಅಲ್ಲ. ದಿನವೂ ಮಾಡಬೇಕಾದ ಅಭ್ಯಾಸ, ಮತ್ತು ಅವನೇ ಮಾಡಬೇಕಾದ ಅಭ್ಯಾಸ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಿವೃತ್ತಳಾದ ಮೇಲೆ ನಾನು ಹೋಗುವ ಸಂಘದ ಸಭೆಗಳಲ್ಲಿ ಒಂದು ವಿಚಿತ್ರ ಕಾಣುತ್ತಿದ್ದೇನೆ. ಕುಡಿಯುವವನು ಅವನು, ಧ್ಯಾನಕ್ಕೆ ಕೂರಿಸುವುದು ಅವಳನ್ನು! “ನೀನು ಶಾಂತಳಾಗಿರು, ಮನೆ ತಾನಾಗಿ ಶಾಂತವಾಗುತ್ತದೆ” ಎಂಬ ಉಪದೇಶ ಬೇರೆ. ಹೆಣ್ಣು ತನ್ನ ನೆಮ್ಮದಿಗಾಗಿ ಧ್ಯಾನ ಮಾಡಿದರೆ ಸಂತೋಷ. ಆದರೆ ಪೆಟ್ಟು ತಡೆದುಕೊಳ್ಳುವ ಶಕ್ತಿಗಾಗಿ ಮಾಡು ಎಂದರೆ ಅದು ಧ್ಯಾನವಲ್ಲ, ಹಳೆಯ ಸಹನೆಯ ಪಾಠಕ್ಕೇ ಹೊಸ ರಟ್ಟು.

ಕುಡಿತ ಬೇರೆ, ಹೊಡೆತ ಬೇರೆ. ಕುಡಿದಾಗ ಹೆಂಡತಿಯ ಮೇಲೆ ಏಳುವ ಕೈ ಅಂಗಡಿಯ ಮಾಲೀಕನ ಮೇಲೆ ಏಳುವುದಿಲ್ಲ. ತವರಿಂದ ಹಣ ತಾ ಎಂದು ಪೀಡಿಸುವಾಗ ಎಷ್ಟು ತರಬೇಕೆಂಬ ಲೆಕ್ಕ ಅಮಲಿನಲ್ಲೂ ತಪ್ಪುವುದಿಲ್ಲ. ಕುಡಿತ ಬಿಟ್ಟ ಮೇಲೂ ಹೊಡೆಯುವವರಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು ಅದರಲ್ಲಿವೆ. ಅವನು ಯಾವ ಹಂತದಲ್ಲಿದ್ದಾನೆ ಎಂದು ಕಾನೂನು ಕೇಳುವುದಿಲ್ಲ. ನಾವೂ ಕೇಳಬೇಕಾಗಿಲ್ಲ.

ಹಾಗಾದರೆ ಸಂಘ ಏನು ಮಾಡಬಹುದು? ಅವನು ಕುಡಿಯದ ಹೊತ್ತಿನಲ್ಲಿ, ಅವನು ಗೌರವಿಸುವ ಒಬ್ಬರಿಂದ ಮಾತಾಡಿಸಿ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳುಹಿಸಬಹುದು. ವ್ಯಸನಮುಕ್ತಿ ಸಹಾಯವಾಣಿ 14446. ಅವನ ಕುಡಿತದ ಸಾಲ ತೀರಿಸಲು ಸಂಘದ ಸಾಲ ಕೊಡುವುದಿಲ್ಲ ಎಂದು ಠರಾವು ಮಾಡಬಹುದು. ಹೊಡೆತ ಬಿದ್ದ ರಾತ್ರಿ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಮೊದಲೇ ಗೊತ್ತುಮಾಡಿ, 181 ಎಂಬ ಸಂಖ್ಯೆಯನ್ನು ಪ್ರತಿಯೊಬ್ಬಳಿಗೂ ಬಾಯಿಪಾಠ ಮಾಡಿಸಬಹುದು.

ಅವನು ಬದಲಾದರೆ ಒಳ್ಳೆಯದು, ಸಹಾಯ ಮಾಡೋಣ. ಆದರೆ ಅವನ ಬದಲಾವಣೆಗೆ ಎಷ್ಟು ವರ್ಷ ಬೇಕೋ, ಅಷ್ಟು ವರ್ಷ ನಮ್ಮ ಬೆನ್ನನ್ನು ಒಡ್ಡಲು ಸಾಧ್ಯವಿಲ್ಲ.